ಆರು ಹಳದಿ ಅಂಗಿ

ಭಾನುವಾರ, ಹದಿನಾಲ್ಕನೇ ತಾರೀಖು

ನನ್ನ ಮುದ್ದು ಮಗಳೇ,

ಕಂಪನಿ ನಮಗೆ ಕೊಡುತ್ತೇನೆ ಎಂದದ್ದು: ಗುಂಡಿ ಕೂರಿಸುವ ಯಂತ್ರಕ್ಕೆ ಎರಡು ತಿಂಗಳಿಗೊಮ್ಮೆ ಹೊಸ ಅಚ್ಚು. ಕೊಡಲಿಲ್ಲ. ತಪಾಸಣೆಯ ಮೇಜಿಗೆ ಇಬ್ಬರು ಹೆಂಗಸರು. ಒಬ್ಬಳನ್ನು ಕಿತ್ತುಕೊಂಡರು. ಬೆನ್ನಿರುವ ಕುರ್ಚಿ. ಬೆನ್ನಿಲ್ಲದ ಸ್ಟೂಲು ಬಂತು. ಹಾಲುಣಿಸುವ ತಾಯಂದಿರಿಗೆ ಒಂದು ಕೋಣೆ. ಕೋಣೆ ಇದೆ, ಬಾಗಿಲ ಮೇಲೆ ಬೋರ್ಡೂ ಇದೆ, ಒಳಗೆ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಸೂರಿನವರೆಗೆ ಪೇರಿಸಿದ್ದಾರೆ.

ನಾನು ನಿನಗೆ ಕೊಡುತ್ತೇನೆ ಎಂದದ್ದು: ಹೆರಿಗೆಯಾದ ಮೇಲೆ ಒಂದು ತಿಂಗಳು ನಿನ್ನ ಜೊತೆ. ಮೂರು ದಿನ ಇದ್ದು ಓಡಿಬಂದೆ. ನನ್ನ ಕೈಯಾರೆ ಹೊಲಿದ ಹತ್ತು ಅಂಗಿ. ಒಂದೂ ಹೊಲಿಯಲಿಲ್ಲ, ಫ್ಯಾಕ್ಟರಿಯ ಆರು ಹಳದಿ ಅಂಗಿ ಕಳಿಸಿ ಕೈ ತೊಳೆದುಕೊಂಡೆ. ನಿನಗೆ ಮಾತ್ರ ಯಾವತ್ತೂ ಸುಳ್ಳು ಹೇಳುವುದಿಲ್ಲ ಎಂದಿದ್ದೆ. ಹೋದ ಮಂಗಳವಾರ ಫೋನಿನಲ್ಲಿ ಹೇಳಿದೆ.

ಕಂಪನಿಯ ಪಟ್ಟಿಯನ್ನು ಗೇಟಿನ ಮುಂದೆ ಮೈಕು ಹಿಡಿದು ನೂರು ಸಲ ಓದಿದ್ದೇನೆ. ಎರಡನೆಯದನ್ನು ಬರೆದದ್ದು ಇವತ್ತೇ. ಕೋಪವಿದ್ದರೆ ಇರಲಿ, ಆದರೆ ಪೂರ್ತಿ ಓದು. ಮಗು ಮಲಗಿದ ಮೇಲೆ ಓದು. ಅರ್ಧಕ್ಕೆ ಎದ್ದರೆ ಅರ್ಧವೇ ನಿನ್ನ ತಲೆಯಲ್ಲಿ ಉಳಿಯುತ್ತದೆ, ಮತ್ತೆ ನನ್ನ ಮೇಲೆ ಹರಿಹಾಯುತ್ತೀಯ.

ಮಂಗಳವಾರ ನಾನು ಫೋನು ಮಾಡಿ, ಆ ಹಳದಿ ಅಂಗಿಗಳನ್ನು ಮಗುವಿಗೆ ಹಾಕಬೇಡ ಎಂದೆ. ಯಾಕೆ ಎಂದೆ ನೀನು. ಬಣ್ಣ ಬಿಡುತ್ತದೆ ಎಂದೆ ನಾನು. ನೀನು ನಕ್ಕೆ. "ಬಿಟ್ರೆ ಬಿಡ್ಲಿ ಬಿಡಮ್ಮ, ನಿನ್ನ ಮೊಮ್ಮಗಳು ಅದ್ರಲ್ಲಿ ಕೋಳಿಮರಿ ತರ ಕಾಣ್ತಾಳೆ" ಎಂದೆ. ಆಗಲೇ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಶುಕ್ರವಾರ ನೀನು ಫೋಟೋ ಕಳಿಸಿದೆ. ಮಗು ಬೋರಲು ಬಿದ್ದಿದೆ, ಮೈಮೇಲೆ ಹಳದಿ ಅಂಗಿ, ಕುತ್ತಿಗೆಯ ಗುಂಡಿ ಬಾಯಲ್ಲಿದೆ. ನಾಲ್ಕು ತಿಂಗಳ ಮಗು ಬಾಯಿಗೆ ಹಾಕದೆ ಇನ್ನೇನು ಮಾಡುತ್ತದೆ? ನಿನಗೆ ಫೋನು ಮಾಡಿದರೆ ಮತ್ತೆ ಯಾಕೆ ಎನ್ನುತ್ತೀಯ ಎಂದು ಅಳಿಯನಿಗೆ ಮಾಡಿದೆ. "ಈಗಿಂದೀಗಲೇ ಬಿಚ್ಚಿ, ಆರನ್ನೂ ಗಂಟು ಕಟ್ಟಿ ಅಟ್ಟದ ಮೇಲಿಡಿ" ಎಂದು ಕೂಗಾಡಿದೆ. ಆತ ಪಾಪ, "ಅತ್ತೆ, ಸಮಾಧಾನ, ಏನಾಯ್ತು ಹೇಳಿ" ಎಂದರೆ ಇನ್ನೂ ಜೋರಾಗಿ ಕೂಗಿದೆ. ನೀನು ಫೋನು ಕಿತ್ತುಕೊಂಡು, "ಅಮ್ಮ, ಇದು ನಮ್ಮನೆ, ನಿನ್ನ ಫ್ಯಾಕ್ಟರಿ ಗೇಟಲ್ಲ, ಕಿರುಚಬೇಡ" ಎಂದು ಇಟ್ಟುಬಿಟ್ಟೆ. ಆಮೇಲೆ ಎತ್ತಲೇ ಇಲ್ಲ. ಅಂಗಿ ಬಿಚ್ಚಿಸಿ ಅಟ್ಟಕ್ಕೆ ಹಾಕಿದ್ದೇನೆ ಎಂದು ಅಳಿಯ ಸಂಜೆ ತಿಳಿಸಿದ. ಅದೊಂದು ಜೀವ ಉಳಿಸಿದ ಮಾತು. ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ಬೇರೆ ಊರಲ್ಲಿ, ನಾವು ಯಾರೂ ನೋಡದ ಒಂದು ಮನೆಯಲ್ಲಿ, ಎಂಟು ತಿಂಗಳ ಒಂದು ಮಗು ಇಂಥದೇ ಅಂಗಿಯ ಗುಂಡಿಯನ್ನು ನುಂಗಿತು. ಗಂಟಲಲ್ಲಿ ಅಡ್ಡವಾಗಿ ನಿಂತಿತು. ಮಗು ಹದಿನೇಳು ದಿನ ಆಸ್ಪತ್ರೆಯಲ್ಲಿತ್ತು. ಬದುಕಿದೆ. ಆದರೆ ಅತ್ತರೆ ಈಗಲೂ ದನಿ ಹೊರಡುವುದಿಲ್ಲವಂತೆ. ಅದರ ತಾಯಿ ಕಂಪನಿಗೆ ಕಾಗದ ಬರೆದಿದ್ದಾಳೆ. ಅದನ್ನು ಇಲ್ಲಿ ಕಂಪನಿ ನಡೆಸುತ್ತಿರುವ ವಿಚಾರಣೆಯಲ್ಲಿ ಗಟ್ಟಿಯಾಗಿ ಓದಿದರು. ಬೈಗುಳ ಒಂದೂ ಇಲ್ಲ ಅದರಲ್ಲಿ. "ಅಂಗಡಿಯಲ್ಲಿ ಒಂದು ಗಂಟೆ ನಿಂತು ಆರಿಸಿದೆ. ಬಟ್ಟೆ ಮೆತ್ತಗಿತ್ತು. ತಲೆಯ ಮೇಲಿಂದ ಎಳೆಯುವ ಕಷ್ಟವಿಲ್ಲ, ಮುಂದೆ ಬಿಚ್ಚಬಹುದು, ಒದ್ದೆಯಾದರೆ ಕೆಳಗಿನ ಎರಡು ಗುಂಡಿ ತೆಗೆದರೆ ಸಾಕು ಎಂದು ಅದನ್ನೇ ಕೊಂಡೆ" ಎಂದು ಬರೆದಿದ್ದಾಳೆ. ನೀನೂ ಇದನ್ನೇ ಅಂದಿದ್ದೆ, ಪೊಟ್ಟಣ ಬಿಚ್ಚಿದ ದಿನ. ಆಕೆ ಏನು ತಪ್ಪು ಮಾಡಿದಳು ಹೇಳು? ಮಗುವಿಗೆ ಸುಖವಾಗಲಿ, ತನ್ನ ಕೈಗೆ ಸಲೀಸಾಗಲಿ ಎಂದು ನೋಡಿ ಆರಿಸಿದಳು. ಬಟ್ಟೆ ಮುಟ್ಟಿ ನೋಡಿದಳು, ಹೊಲಿಗೆ ನೋಡಿದಳು. ಗುಂಡಿಯ ಒಳಗೆ ಏನಿದೆ ಎಂದು ತಾಯಿ ನೋಡಲಾರಳು. ಅದನ್ನು ನೋಡುವುದಕ್ಕೆ ಅಂತಲೇ ಒಬ್ಬಳನ್ನು ಇಟ್ಟಿರುತ್ತಾರೆ.

ಆ ಒಬ್ಬಳು ನಾನು.

ಒತ್ತಿದರೆ ಟಿಚ್ ಎಂದು ಕೂರುವ ಆ ಗುಂಡಿಯ ಹೊಟ್ಟೆಯಲ್ಲಿ ಐದು ಹಲ್ಲುಗಳಿರುತ್ತವೆ. ಯಂತ್ರದ ಅಚ್ಚು ಮೇಲಿನಿಂದ ಬಡಿದಾಗ ಆ ಐದೂ ಬಟ್ಟೆಯನ್ನು ಕಚ್ಚಿ, ಹಿಂದಿನ ಬಿಲ್ಲೆಯೊಳಗೆ ಮಡಚಿಕೊಳ್ಳಬೇಕು. ಅಚ್ಚು ಸವೆದರೆ ಎರಡು ಕಚ್ಚುತ್ತವೆ, ಮೂರು ಸುಮ್ಮನೆ ಬಟ್ಟೆಯ ಮೇಲೆ ಕೂತಿರುತ್ತವೆ. ಹೊರಗಿನಿಂದ ಗೊತ್ತಾಗುವುದಿಲ್ಲ. ಹೊಸದರಲ್ಲಿ ಟಿಚ್ ಎಂದೇ ಅನ್ನುತ್ತದೆ. ಹತ್ತು ಸಲ ಒಗೆದ ಮೇಲೆ, ಮಗುವಿನ ಒಸಡು ನಾಲ್ಕು ಸಲ ಜಗಿದ ಮೇಲೆ, ಕಿತ್ತು ಬರುತ್ತದೆ. ಅದಕ್ಕೇ ನನ್ನ ಕೆಲಸ: ಗಂಟೆಗೊಮ್ಮೆ ಪ್ರತಿ ಯಂತ್ರದಿಂದ ಐದು ಅಂಗಿ ಎತ್ತಿಕೊಂಡು, ಒಂದೊಂದು ಗುಂಡಿಯನ್ನೂ ಇಕ್ಕಳದಲ್ಲಿ ಹಿಡಿಸಿ, ಒಂಬತ್ತು ಕಿಲೋ ಕಲ್ಲು ತೂಗಿಬಿಟ್ಟು, ಹತ್ತು ಎಣಿಸಬೇಕು. ಗುಂಡಿ ತಡೆದರೆ ಪುಸ್ತಕದಲ್ಲಿ ಆ ಗಂಟೆಯ ಮನೆಯಲ್ಲಿ ಸರಿ ಎಂಬ ಗುರುತು, ಪಕ್ಕದಲ್ಲಿ ಸಹಿ. ಕಿತ್ತು ಬಂದರೆ ಆ ಗಂಟೆಯ ಮಾಲನ್ನೆಲ್ಲ ನಿಲ್ಲಿಸಬೇಕು. ದಿನಕ್ಕೆ ಎಂಟು ಮನೆ, ಎಂಟು ಸಹಿ.

ನಾಲ್ಕನೇ ಗುಂಡಿ ಯಂತ್ರದವಳನ್ನು ನೀನು ಒಮ್ಮೆ ನೋಡಿದ್ದೀಯ, ನಿನ್ನ ಮದುವೆಗೆ ಬಂದು ಫೋಟೋದವನನ್ನೇ ಮಾತಾಡಿಸುತ್ತಾ ನಿಂತಿದ್ದವಳು. ಬಾಯಿ ಮುಚ್ಚುವುದೇ ಇಲ್ಲವೆಂದು ನಾವೆಲ್ಲ ಸೇರಿ ಅವಳಿಗೆ ಮೌನಿ ಎಂದು ಹೆಸರಿಟ್ಟೆವು. ಯಂತ್ರದ ಜೊತೆಗೂ ಮಾತಾಡುತ್ತಾಳೆ. "ಯಾಕೋ ರಾಜಾ, ಇವತ್ತು ಹಲ್ಲುನೋವಾ?" ಎನ್ನುತ್ತಾಳೆ. ಅವಳೇ ಮೊದಲು ಕಂಡುಹಿಡಿದದ್ದು. ಬಡಿತದ ಸದ್ದು ಬದಲಾಗಿದೆ, ಅಚ್ಚು ಸವೆದಿದೆ ಎಂದು ಮೂರು ಸಲ ಸೂಪರ್‌ವೈಸರನಿಗೆ ಹೇಳಿದಳು. ಬಾಯಲ್ಲಿ ಹೇಳಿದಳು, ಬರೆದು ಕೊಡಲಿಲ್ಲ. ಆತನನ್ನು ನಾವು ಗಡಿಯಾರ ಎನ್ನುತ್ತೇವೆ, ಕಣ್ಣು ಯಾವಾಗಲೂ ಮುಳ್ಳಿನ ಮೇಲೇ ಇರುತ್ತದೆ. "ಅಚ್ಚು ಸವೆದಿಲ್ಲ, ನಿನ್ನ ನಾಲಿಗೆ ಸವೆದಿದೆ, ಗಂಟೆಗೆ ಎಷ್ಟಾಯ್ತು ಅದು ಹೇಳು" ಎಂದು ನಗೆಯಾಡಿ ಹೋದ. ಸುತ್ತಲಿದ್ದ ನಾವೂ ನಕ್ಕೆವು. ನಾನೂ ನಕ್ಕೆ, ಮಗಳೇ.

ಈಗ ಮೌನಿಯನ್ನು ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ಹೊರಗೆ ಹಾಕಿದ್ದಾರೆ. ಮೂರು ವಾರವಾಯಿತು. ಕಂಪನಿಯ ವಾದ ನೇರವಾಗಿದೆ. ಅಚ್ಚು ಸವೆದಿದ್ದರೆ ಗಂಟೆಗೊಮ್ಮೆ ಮಾಡುವ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಿತ್ತು. ಪುಸ್ತಕದಲ್ಲಿ ಎಂಟು ಗಂಟೆಯೂ ಸರಿ ಎಂದಿದೆ. ಆದ್ದರಿಂದ ಯಂತ್ರ ಸರಿಯಿತ್ತು. ಆದ್ದರಿಂದ ಇವಳೇ ಮಾತಾಡುತ್ತಾ ಬಟ್ಟೆಯನ್ನು ಸೊಟ್ಟಗೆ ಇಟ್ಟಿದ್ದಾಳೆ. ಒಂದು ಮಗುವಿನ ಗಂಟಲಿಗೆ ಗುಂಡಿ ಹಾಕಿದವಳು ಎಂದು ಅವಳ ಹೆಸರಿನ ಮುಂದೆ ಬರೆದರೆ ಇನ್ನು ಯಾವ ಫ್ಯಾಕ್ಟರಿಯವನು ಅವಳನ್ನು ಒಳಗೆ ಬಿಟ್ಟುಕೊಳ್ಳುತ್ತಾನೆ? ಇಪ್ಪತ್ತೆರಡು ವರ್ಷ ಮಕ್ಕಳ ಬಟ್ಟೆಗೆ ಗುಂಡಿ ಕೂರಿಸಿದ ಕೈ ಅದು.

ಇನ್ನು ನಾನು ಆ ಪುಸ್ತಕದ ವಿಷಯ ಹೇಳಬೇಕು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಮೂರು ವಾರದಿಂದ ನಾನು ಹೆಗಲು ಮುಟ್ಟಿಕೊಂಡೇ ಓಡಾಡುತ್ತಿದ್ದೇನೆ.

ಮೇಜಿನಿಂದ ಎರಡನೆಯವಳನ್ನು ತೆಗೆದ ಮೇಲೆ ಹನ್ನೊಂದು ಯಂತ್ರಕ್ಕೆ ನಾನೊಬ್ಬಳೇ ಉಳಿದೆ. ಹನ್ನೊಂದು ಯಂತ್ರಕ್ಕೆ ಐದೈದು ಅಂಗಿ, ಅಂಗಿಗೆ ಎಂಟು ಗುಂಡಿ, ಒಂದೊಂದಕ್ಕೂ ಹತ್ತು ಎಣಿಕೆ, ಹಿಡಿಸುವುದು ಬಿಡಿಸುವುದು ಬೇರೆ. ಒಂದು ಗಂಟೆಯ ಕೆಲಸ ಒಂದು ಗಂಟೆಯಲ್ಲಿ ಮುಗಿಯುವುದೇ ಇಲ್ಲ. ಮೊದಮೊದಲು ಓಡಿದೆ. ಆಮೇಲೆ ಎಲ್ಲ ಫ್ಯಾಕ್ಟರಿಗಳ ತಪಾಸಣೆಯವರು ಮಾಡುವುದನ್ನೇ ಮಾಡಿದೆ. ಬೆಳಗ್ಗೆ ಬಂದು ಕೂತು, ಕೈ ಬೆಚ್ಚಗಾಗುವ ಮುಂಚೆಯೇ, ಎಂಟು ಮನೆಗೂ ಸರಿ ಗುರುತು ಹಾಕಿ ಎಂಟು ಸಹಿ ಮಾಡಿ ಪುಸ್ತಕ ಮುಚ್ಚಿಡುವುದು. ಸಂಜೆ ಐದರ ಗುಂಡಿ ಗಟ್ಟಿಯಾಗಿದೆ ಎಂದು ಬೆಳಗ್ಗೆ ಒಂಬತ್ತಕ್ಕೇ ಬರೆಯುವುದು. ಗಡಿಯಾರನಿಗೆ ಗೊತ್ತು. ದೊಡ್ಡ ಸಾಹೇಬರಿಗೆ ಗೊತ್ತು. ಹೊರಗಿನಿಂದ ಪುಸ್ತಕ ನೋಡಲು ಬರುವ ಸೂಟಿನವರಿಗೂ ಗೊತ್ತಿರಬೇಕು, ಎಂಟು ಸಹಿಯೂ ಒಂದೇ ಓಟದಲ್ಲಿ ಬಿದ್ದದ್ದು ಕುರುಡನಿಗೂ ಕಾಣುತ್ತದೆ.

ಇಷ್ಟಾದರೆ ಕಂಪನಿಯನ್ನು ಬೈದು ನಾನು ಪಾರಾಗಬಹುದಿತ್ತು. ಇಬ್ಬರ ಕೆಲಸವನ್ನು ಒಬ್ಬಳ ಕತ್ತಿಗೆ ಕಟ್ಟಿದ ಕಂಪನಿಗೆ ಧಿಕ್ಕಾರ! ಬೈಯುತ್ತೇನೆ, ಸಾಯುವವರೆಗೆ ಬೈಯುತ್ತೇನೆ. ಆದರೆ ಆ ಉಳಿದ ಹೊತ್ತಿನಲ್ಲಿ ನಾನು ಏನು ಮಾಡಿದೆ? ಸಂಘ ಕಟ್ಟಿದೆ. ಕಲ್ಲು ತೂಗಿಬಿಡಬೇಕಾದ ಹೊತ್ತಿನಲ್ಲಿ ಅಂಗಿ ಎತ್ತಿಕೊಳ್ಳುವ ನೆಪದಲ್ಲಿ ಒಂದೊಂದು ಯಂತ್ರದ ಹತ್ತಿರ ನಿಂತು ಮಾತಾಡಿದೆ. ನಿನಗೆ ಬೆನ್ನುನೋವಾ, ನಿನಗೆ ರಜೆ ಕೊಡಲಿಲ್ಲವಾ, ಸಭೆಗೆ ಬಾ. ಮುನ್ನೂರು ಹೆಂಗಸರನ್ನು ಹೀಗೇ ಕೂಡಿಸಿದೆ. ಇಡೀ ಕಟ್ಟಡದಲ್ಲಿ ಯಾರ ಕಣ್ಣಿಗೂ ಬೀಳದೆ ಎಲ್ಲ ಯಂತ್ರಕ್ಕೂ ಹೋಗಬಹುದಾದ ಕೆಲಸ ಅದೊಂದೇ. ಮೊನ್ನೆ ಮೊನ್ನೆಯವರೆಗೆ ನನಗೆ ಅದರ ಬಗ್ಗೆ ಹೆಮ್ಮೆಯಿತ್ತು. ಶತ್ರುವಿನ ಹೊತ್ತು ಕದ್ದು ಶತ್ರುವಿನ ಮೇಲೇ ಎಸೆದೆ ಎಂದು ಭಾಷಣದಲ್ಲಿ ಹೇಳಿಕೊಂಡದ್ದೂ ಉಂಟು. ಅದು ಕಂಪನಿಯ ಹೊತ್ತಲ್ಲ ಮಗಳೇ. ಆ ಹತ್ತತ್ತು ಎಣಿಕೆ ಯಾವುದೋ ಊರಿನ ಕೂಸಿನದು.

ಇನ್ನೊಂದು ಉಳಿದಿದೆ. ಇದನ್ನು ಬರೆಯಲು ಮೂರು ಸಲ ಎದ್ದು ನೀರು ಕುಡಿದು ಬಂದೆ.

ನಿನಗೆ ಹೆರಿಗೆಯಾದ ವಾರ ಗಡಿಯಾರ ನನ್ನ ಮೇಜಿಗೆ ಬಂದ. ನಾಲ್ಕನೇ ಯಂತ್ರದ್ದೇ ಮಾಲು, ಹಳದಿ, ಅವಸರದ್ದು. "ಅಜ್ಜಿ ಆದ್ರಂತೆ, ಬಾಯಿ ಸಿಹಿ ಮಾಡೋದು ಯಾವಾಗ?" ಎಂದ. ಆಮೇಲೆ ದನಿ ಇಳಿಸಿ, "ಈ ವಾರ ಎಲ್ಲಾ ಮನೆ ತುಂಬಿರ್ಲಿ ಅಮ್ಮ, ಒಂದು ಕೂಡ ಖಾಲಿ ಬೇಡ" ಎಂದ. ಮೇಜಿನ ಕೆಳಗೆ ಒಂದು ಪೊಟ್ಟಣ ಇಟ್ಟು ಹೋದ. ಆರು ಅಂಗಿ. ನಾನು ಅದನ್ನು ಹಿಂದಕ್ಕೆ ಎಸೆಯಲಿಲ್ಲ. ಎಸೆಯಬೇಕೆಂದು ಹೊಳೆಯಲೂ ಇಲ್ಲ. ಹತ್ತು ಅಂಗಿ ಹೊಲಿಯುತ್ತೇನೆ ಎಂದಿದ್ದೆ, ಮಿಷನ್ನಿನ ಮುಂದೆ ಕೂರಲು ಪುರುಸೊತ್ತಿರಲಿಲ್ಲ, ಸಿಕ್ಕಿತಲ್ಲ ಎಂದು ಖುಷಿಯಾಯಿತು. ಅವತ್ತಿನ ಮಟ್ಟಿಗೆ ಒಂದು ಗುಂಡಿಯನ್ನಾದರೂ ಎಳೆದು ನೋಡಿದೆನಾ? ನನ್ನ ಮೊಮ್ಮಗಳಿಗೆ ಎಂದು ಗೊತ್ತಿದ್ದೂ ನೋಡಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಕೇಳುವವರು ಯಾರು? ಮುನ್ನೂರು ಹೆಂಗಸರು ಕೈಯೆತ್ತಿ ಆರಿಸಿದ ನಾಯಕಿ ಆರು ಅಂಗಿಗೆ ಬಾಯಿ ಮುಚ್ಚಿದಳು.

ವಿಚಾರಣೆ ಶುರುವಾದದ್ದು ಹೋದ ಸೋಮವಾರ. ಮೌನಿಯ ಪರವಾಗಿ ಸಂಘದಿಂದ ಹೋದವಳು ನಾನೇ, ಇನ್ಯಾರು. ವಿಚಾರಣೆ ನಡೆಸುವ ಅಧಿಕಾರಿ ಹೊರಗಿನಿಂದ ಬಂದ ಒಬ್ಬ ವಯಸ್ಸಾದ ವಕೀಲರು, ಒಳ್ಳೆಯವರಂತೆ ಕಾಣುತ್ತಾರೆ. ಕಂಪನಿಯವನು ಮಾಲಿನ ಸಂಖ್ಯೆ ಓದಿದ. ಹಳದಿ, ಆರು ತಿಂಗಳ ಅಳತೆ. ಆಗಲೇ ನನಗೆ ನಿನ್ನ ಪೊಟ್ಟಣ ನೆನಪಾದದ್ದು, ಮರುದಿನ ನಿನಗೆ ಆ ಫೋನು. ಆತ ಪುಸ್ತಕ ತೆರೆದು ಮೇಜಿನ ಮೇಲಿಟ್ಟು, ನನ್ನ ಕಡೆ ತಿರುಗಿ, "ಪರೀಕ್ಷೆ ಆಗಿದೆಯೋ ಇಲ್ಲವೋ ಎಂದು ನಾವು ಹೇಳುವುದೇ ಬೇಡ. ನಿಮ್ಮ ಲೀಡರಮ್ಮನ ಸಹಿಯೇ ಇದೆಯಲ್ಲ" ಎಂದ. ಮೌನಿ ಎದ್ದು, "ಹೌದು ಸಾರ್, ಅಕ್ಕನ ಸಹಿನೇ. ಅಕ್ಕ ಸುಳ್ಳು ಬರೆಯಲ್ಲ. ಎಲ್ಲೋ ಬೇರೆ ಏನೋ ಆಗಿದೆ" ಎಂದಳು. ತನ್ನ ಕುತ್ತಿಗೆಗೆ ತಾನೇ ಹಗ್ಗ ಬಿಗಿದುಕೊಂಡಳು, ನನ್ನ ಮೇಲಿನ ನಂಬಿಕೆಯಿಂದ.

ಹೊರಗೆ ಬಂದು ಸಂಘದ ಕಾರ್ಯದರ್ಶಿಯಾದ ಕತ್ತರಿ ವಿಭಾಗದ ಹುಡುಗನಿಗೆ ಎಲ್ಲ ಬಿಚ್ಚಿ ಹೇಳಿದೆ. "ಅಕ್ಕ, ನೀವು ಹೇಳಿದ್ರೆ ಮೌನಿ ಉಳೀತಾಳೆ. ಸಂಘ ಹೋಗುತ್ತೆ. ನಾಳೆನೇ ಗೇಟಲ್ಲಿ ನಿಮ್ಮ ಫೋಟೋ ಹಾಕಿ ಕಳ್ಳ ಸಹಿ ಲೀಡರ್ ಅಂತ ಬರೀತಾರೆ. ಒಬ್ಬಳಿಗೋಸ್ಕರ ಮುನ್ನೂರು ಜನಾನ ಬೀದಿಗೆ ಹಾಕ್ತೀರಾ?" ಎಂದ. "ಅವಳೂ ಆ ಮುನ್ನೂರಲ್ಲಿ ಒಬ್ಬಳಲ್ವೇನೋ" ಎಂದೆ. "ಲೆಕ್ಕ ನಂಗೂ ಬರುತ್ತೆ ಅಕ್ಕ, ಸುಮ್ನಿರಿ" ಎಂದ. ಕೆಟ್ಟವನಲ್ಲ ಆತ. ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ, ಅದೇ ಕಷ್ಟ.

ನಿನ್ನೆ, ಶನಿವಾರ, ಎರಡನೆಯ ಸಲ ವಿಚಾರಣೆ ಕೂತಿತು. ಇನ್ನೇನು ಅಧಿಕಾರಿ ಕಾಗದ ಮಡಚುವುದರಲ್ಲಿದ್ದರು, ನಾನು ಎದ್ದು ನಿಂತೆ. ಹೇಳಿದೆ. ಸಹಿ ನನ್ನದು, ಪರೀಕ್ಷೆ ಮಾತ್ರ ನಡೆದಿಲ್ಲ ಎಂದೆ. ಎಂಟು ಗುರುತೂ ಬೆಳಗ್ಗೆ ಒಂಬತ್ತಕ್ಕೆ ಹಾಕಿದ್ದು, ಅಪರಾಧಿ ಮೌನಿಯಲ್ಲ, ಅಪರಾಧಿ ನಾನು, ನನಗಿಂತ ದೊಡ್ಡ ಅಪರಾಧಿ ಈ ಪುಸ್ತಕವನ್ನು ಬೆಳಗ್ಗೆಯೇ ತುಂಬಿಸಿಕೊಂಡ ಕಂಪನಿ ಎಂದು ಮೇಜು ಗುದ್ದಿ ಹೇಳಿದೆ. ಇಡೀ ಕೋಣೆ ಸ್ತಬ್ಧವಾಯಿತು. ಕಂಪನಿಯವನ ಮುಖ ಇಳಿದುಹೋಯಿತು. ಮೌನಿ ಅಳುತ್ತಾ ನನ್ನ ಕೈ ಹಿಡಿದಳು. ಆಯಿತು, ಹೇಳಿ ಮುಗಿಯಿತು.

ಈಗ ನಿನ್ನ ಕೆಲಸ. ಆ ಆರು ಅಂಗಿಗಳನ್ನು ಬಿಸಾಡಬೇಡ, ಸುಡಬೇಡ, ಒಗೆಯಲೂ ಬೇಡ. ಉಳಿದ ಮಾಲನ್ನೆಲ್ಲ ಕಂಪನಿ ಅಂಗಡಿಗಳಿಂದ ವಾಪಸು ತರಿಸಿ ಕತ್ತರಿಸಿ ಹಾಕಿದೆ. ಒಂದು ಚೂರೂ ಉಳಿಸಿಲ್ಲ, ಸಾಕ್ಷಿ ಉಳಿಯಬಾರದಲ್ಲ. ನಾಲ್ಕನೇ ಯಂತ್ರದ ಆ ವಾರದ ಗುಂಡಿ ನಮ್ಮ ಕೈಗೆ ಸಿಗುವುದು ನಿನ್ನ ಅಟ್ಟದ ಮೇಲೆ ಮಾತ್ರ. ಒಂದಕ್ಕೆ ಎಂಟರಂತೆ ನಲವತ್ತೆಂಟು ಗುಂಡಿ. ಅವಕ್ಕೆ ಕಲ್ಲು ತೂಗಿಬಿಟ್ಟು ಎಲ್ಲರ ಕಣ್ಣೆದುರಿಗೆ ಹತ್ತು ಎಣಿಸಿದರೆ ಮೌನಿ ಹೇಳಿದ್ದು ನಿಜವೋ ಸುಳ್ಳೋ ಗೊತ್ತಾಗುತ್ತದೆ. ಸಹಿ ಮಾಡಿದವಳ ಬಾಯಿಮಾತನ್ನು ಯಾರು ಬೇಕಾದರೂ ತಳ್ಳಿಹಾಕಬಹುದು, ಅಂಗಿಯನ್ನು ತಳ್ಳಿಹಾಕಲು ಆಗುವುದಿಲ್ಲ.

ಇದರ ಜೊತೆ ಬೇರೆ ಒಂದು ಕವರಿನಲ್ಲಿ ನಾಲ್ಕು ಅಂಗಿ ಇಟ್ಟಿದ್ದೇನೆ. ಈ ವಾರ ಹೊಲಿದೆ. ಹತ್ತು ಆಗಲಿಲ್ಲ, ನಾಲ್ಕಾಯಿತು. ನನ್ನ ಹಳೆಯ ಹತ್ತಿ ಹೊದಿಕೆಯದು, ಹದಿನೈದು ವರ್ಷ ಒಗೆದು ಬೆಣ್ಣೆಯ ಹಾಗಾಗಿದೆ. ಹೊಸ ಬಟ್ಟೆಯ ಗಂಜಿ ಮಗುವಿನ ಚರ್ಮಕ್ಕೆ ಉಪ್ಪುಕಾಗದ ಇದ್ದಂತೆ. ಹೊಲಿಗೆಯ ಅಂಚನ್ನು ಹೊರಗಡೆಗೆ ತಿರುಗಿಸಿದ್ದೇನೆ, ತಿರುವುಮುರುವಾಗಿದೆ ಎಂದು ನಗಬೇಡ, ಒರಟು ಭಾಗ ಲೋಕಕ್ಕೆ, ನಯ ಮಗುವಿಗೆ. ಗುಂಡಿ ಇಲ್ಲ, ಪಕ್ಕದಲ್ಲಿ ಎರಡು ಕಸೆ ಇದೆ. ಕಸೆ ಮೂರು ಬೆರಳಿಗಿಂತ ಉದ್ದವಿಲ್ಲ, ಕುತ್ತಿಗೆಗೆ ಸುತ್ತಿಕೊಳ್ಳಲು ಸಾಲದು. ತೋಳು ಅಗಲವಿದೆ, ನಿನ್ನ ಬೆರಳು ಒಳಗೆ ಹಾಕಿ ಅವಳ ಮುಷ್ಟಿ ಹಿಡಿದು ಹೊರಗೆ ತರಬಹುದು.

ಅಂಗಡಿಯಲ್ಲಿ ಕೊಳ್ಳುವಾಗ ಮೊದಲು ಒಳಮೈ ಹೊರಗೆ ತಿರುಗಿಸಿ ನೋಡು. ಜೋತಾಡುವ ದಾರ ಇದ್ದರೆ ಅಲ್ಲೇ ಬಿಡು. ಗುಂಡಿ ಇದ್ದರೆ ಉಗುರು ಹಾಕಿ ಎಳೆ, ಅಂಗಡಿಯವನು ಬೈದರೆ ಇನ್ನೂ ಜೋರಾಗಿ ಎಳೆ. ಹೊಟ್ಟೆ ಬಿಗಿಯುವ ಎಲಾಸ್ಟಿಕ್ ಬೇಡ, ಟೋಪಿಗೆ ದಾರ ಬೇಡ, ಎದೆಯ ಮೇಲೆ ಅಂಟಿಸಿದ ಮಣಿ, ಹೂವು, ಚಿಟ್ಟೆ ಯಾವುದೂ ಬೇಡ. ಚಂದ ನೋಡುವವರಿಗೆ, ಬಟ್ಟೆ ಮಗುವಿಗೆ. ಒಂದು ಅಳತೆ ದೊಡ್ಡದನ್ನೇ ತಗೋ, ತೋಳು ಮಡಚಿದರಾಯಿತು. ಮಗು ಅಂಗಿ ಚುಚ್ಚುತ್ತದೆ ಎಂದು ಅರ್ಜಿ ಬರೆಯಲಾರದು, ಸಂಘ ಕಟ್ಟಲಾರದು. ಅತ್ತರೆ ಹಸಿವು ಎಂದು ನಾವು ಬಾಯಿಗೆ ಹಾಲು ಇಡುತ್ತೇವೆ. ಅತ್ತಾಗ ಒಂದು ಸಲ ಅಂಗಿ ಬಿಚ್ಚಿ ಮೈ ನೋಡು.

ಇದನ್ನು ನಾನು ಕಲಿತದ್ದು ಫ್ಯಾಕ್ಟರಿಯಲ್ಲಲ್ಲ, ನಿನ್ನ ಮೇಲೆ. ನಿನ್ನ ಎಡಗೈ ಕಿರುಬೆರಳ ಬುಡದಲ್ಲಿ ಉಂಗುರದ ಹಾಗೆ ಒಂದು ಗೆರೆ ಇದೆಯಲ್ಲ, ಹುಟ್ಟುಗುರುತು ಎಂದು ಹೇಳಿಕೊಂಡು ಬಂದಿದ್ದೇನೆ. ಅದು ಹುಟ್ಟುಗುರುತಲ್ಲ. ನಿನಗೆ ಮೂರು ತಿಂಗಳು. ಉಗುರು ಗೀರದಿರಲಿ ಎಂದು ಕೈಗವಸು ಹಾಕಿ ಪಕ್ಕದ ಮನೆಯವರ ಹತ್ತಿರ ಬಿಟ್ಟು ಕೆಲಸಕ್ಕೆ ಹೋದೆ. ಇಡೀ ದಿನ ಅಳುತ್ತಲೇ ಇದ್ದೆಯಂತೆ. ಸಂಜೆ ಬಂದು ಬಿಚ್ಚಿ ನೋಡಿದರೆ ಒಳಗಿನ ಒಂದು ಎಳೆ ಬೆರಳಿಗೆ ಸುತ್ತಿಕೊಂಡು ಬೆರಳು ನೇರಳೆ ಬಣ್ಣಕ್ಕೆ ತಿರುಗಿತ್ತು. ಆ ಕೈಗವಸು ನಾನೇ ಹೊಲಿದದ್ದು, ಅವಸರದಲ್ಲಿ. ಎಳೆ ಕತ್ತರಿಸಿ, ಬೆರಳನ್ನು ನನ್ನ ಬಾಯಲ್ಲಿಟ್ಟುಕೊಂಡು ಬಿಸಿ ಮಾಡುತ್ತಾ ಕೂತಿದ್ದೆ, ಬಣ್ಣ ತಿರುಗುವವರೆಗೆ. ನಿನ್ನ ಅಪ್ಪನಿಗೂ ಹೇಳಲಿಲ್ಲ. ಹೇಳದೆ ಇಡುವುದು ನನಗೆ ಅಷ್ಟು ಹಳೆಯ ಅಭ್ಯಾಸ.

ನೀನು ದೊಡ್ಡವಳಾದ ಮೇಲೆ ಒಮ್ಮೆ ನನ್ನನ್ನು ಕೇಳಿದ್ದೆ, "ಊರಿನ ಹೆಂಗಸರಿಗೆಲ್ಲ ನೀನು ಅಕ್ಕ, ನನಗೆ ಯಾವಾಗ ಅಮ್ಮ ಆಗ್ತೀಯ?" ಎಂದು. ಅವತ್ತು ಕೆನ್ನೆಗೆ ಹೊಡೆದೆ. ಉತ್ತರ ಇರಲಿಲ್ಲ, ಅದಕ್ಕೇ ಹೊಡೆದೆ. ಈಗಲೂ ಇಲ್ಲ. ಮೌನಿ ಉಳಿದು ನಾನು ಕೆಲಸ ಕಳೆದುಕೊಂಡರೆ ನಿನ್ನ ಹತ್ತಿರ ಆ ಒಂದು ತಿಂಗಳು ಇರಲು ಬರುತ್ತೇನೆ, ನೀನು ಬಾಗಿಲು ತೆಗೆದರೆ. ಮಗುವಿನ ಬಟ್ಟೆ ಒಗೆದು ಹಾಕುತ್ತೇನೆ, ಭಾಷಣ ಮಾಡುವುದಿಲ್ಲ. ಸ್ವಲ್ಪ ಮಾಡಬಹುದು.

ಅಳಿಯನಿಗೆ ಹೇಳು, ಆತನ ಮೇಲೆ ಕೂಗಿದ್ದು ತಪ್ಪಾಯಿತು. ಅಂಗಿ ಬಿಚ್ಚಿಸಿದ್ದು ತಪ್ಪಾಗಲಿಲ್ಲ.

ಕೂಸಿನ ಅಂಗಾಲಿಗೆ ಎರಡು ಮುತ್ತು.

ನಿನ್ನ
ಅಮ್ಮ

ತಾ.ಕ.: ಸೋಮವಾರ ಬೆಳಗ್ಗೆ ಎಂಟು. ಒಂಬತ್ತರ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವ ಮುಂಚೆ ಪತ್ರವನ್ನು ಇನ್ನೊಮ್ಮೆ ಓದಿದೆ. ಶನಿವಾರ ನಾನು ಹೇಳಲಿಲ್ಲ ಮಗಳೇ. ಎದ್ದು ನಿಂತದ್ದು ನಿಜ. ಅಧಿಕಾರಿ ಕನ್ನಡಕದ ಮೇಲಿಂದ ನೋಡಿ "ಏನಮ್ಮ?" ಎಂದರು. "ಫ್ಯಾನು ಸ್ವಲ್ಪ ಜೋರು ಮಾಡಿಸಿ ಸಾರ್" ಎಂದು ಕೂತುಬಿಟ್ಟೆ. ಮೇಜು ಗುದ್ದಲಿಲ್ಲ, ಯಾರೂ ಸ್ತಬ್ಧರಾಗಲಿಲ್ಲ. ಮೌನಿ ನನ್ನ ಕಡೆ ಬಾಗಿ, "ಹೌದಕ್ಕ, ಸೆಖೆ ಜಾಸ್ತಿ, ನೀವು ತಲೆ ಕೆಡಿಸ್ಕೋಬೇಡಿ" ಎಂದಳು, ತನ್ನ ಸೆರಗಿನಲ್ಲಿ ನನಗೆ ಗಾಳಿ ಹಾಕಿದಳು. ಅವಳಿಗೆ ಇನ್ನೂ ಏನೂ ಗೊತ್ತಿಲ್ಲ.

ಆ ಹಾಳೆಯನ್ನು ಹರಿದು ಬೇರೆ ಬರೆಯಬಹುದಿತ್ತು. ಹರಿಯಲಿಲ್ಲ. ಅದರಲ್ಲಿ ಏನು ಬರೆದಿದ್ದೇನೋ ಅದನ್ನೇ ನಾನು ವಿಚಾರಣೆಯಲ್ಲಿ ಎದ್ದು ಹೇಳಬೇಕು, ನೀನು ಎದುರಿಗೆ ಕೂತಿರುವಾಗ. ಅಂಗಿಯ ಗಂಟು ತಗೊಂಡು ನೀನೇ ಬಾ. ಮಗುವನ್ನೂ ಕರೆದುಕೊಂಡು ಬಾ, ಅಳಿಯ ಎತ್ತಿಕೊಳ್ಳಲಿ. ನಾನು ಎದ್ದು ಫ್ಯಾನಿನ ಮಾತೆತ್ತಿದರೆ ನೀನು ಎದ್ದು ನಿಂತು ಈ ಪತ್ರ ಓದು. ಫ್ಯಾಕ್ಟರಿಯ ಪಕ್ಕದ ಕಟ್ಟಡ, ಎರಡನೆಯ ಮಹಡಿ, ಮೆಟ್ಟಿಲು ಹತ್ತಿದ ಕೂಡಲೇ ಎಡಗಡೆಯ ಕೋಣೆ. ಕೊನೆಯ ವಿಚಾರಣೆ ಗುರುವಾರ, ಹದಿನೆಂಟನೇ ತಾರೀಖು, ಬೆಳಗ್ಗೆ ಹತ್ತೂವರೆಗೆ.